ಪೆಪ್ಪರ್‌ಮೆಂಟ್ ಬರಣಿಯ ಹಿಂದೆ ಸಿಗರೇಟ್ ಗೋಡೆ

ಸಂಜೆ ನಾಲ್ಕು ಗಂಟೆ. ನಮ್ಮ ಏರಿಯಾದ ಬೇಕರಿ ಮುಂದೆ ಯೂನಿಫಾರ್ಮ್ ಮಕ್ಕಳ ಗುಂಪು. ಶಾಲೆ ಬಿಟ್ಟು ಇನ್ನೂ ಐದು ನಿಮಿಷ ಆಗಿಲ್ಲ. ಒಬ್ಬನಿಗೆ ಎಗ್ ಪಫ್ಸ್ ಬೇಕು, ಇನ್ನೊಬ್ಬಳಿಗೆ ದಿಲ್‌ಪಸಂದ್, ಮಿಕ್ಕವರಿಗೆ ಐದು ರೂಪಾಯಿಯ ಚಿಪ್ಸ್. ನಾನು ಟೀ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಆರೇಳು ವರ್ಷದ ಹುಡುಗನೊಬ್ಬ ಕೌಂಟರಿನ ಅಂಚಿಗೆ ಗದ್ದ ಊರಿಕೊಂಡು 'ಅಂಕಲ್, ಒಂದು ಪಫ್ಸ್' ಅಂತ ಐದಾರು ಸಲ ಕೂಗಿದ. ಯಾರೂ ತಿರುಗಿ ನೋಡಲಿಲ್ಲ. ಪಾಪ, ಕಾಯುತ್ತಾ ನಿಂತವನು ಎದುರಿಗೆ ಏನಿದೆಯೋ ಅದನ್ನೇ ನೋಡುತ್ತಿದ್ದ.

ಅವನಿಗೆ ಏನು ಕಾಣುತ್ತಿರಬಹುದು ಅಂತ ಕುತೂಹಲವಾಯಿತು. ಶೂ ಲೇಸ್ ಕಟ್ಟುವ ನೆಪದಲ್ಲಿ ಬಗ್ಗಿದೆ. ನಿಂತಿದ್ದಾಗ ನನಗೆ ಕಂಡಿದ್ದು ಕೇಕಿನ ಕಪಾಟು, ದೇವರ ಫೋಟೊ, ದುಡ್ಡು ಕಟ್ಟುವ ಕ್ಯೂಆರ್ ಕೋಡ್. ಬಗ್ಗಿ ನೋಡಿದರೆ ಅಂಗಡಿಯೇ ಬೇರೆ. ಮೂಗಿನ ಎದುರಿಗೆ ಮೂರು ಪ್ಲಾಸ್ಟಿಕ್ ಬರಣಿ. ಒಂದರಲ್ಲಿ ಪೆಪ್ಪರ್‌ಮೆಂಟ್, ಒಂದರಲ್ಲಿ ಕಡಲೆಮಿಠಾಯಿ, ಒಂದರಲ್ಲಿ ಲಾಲಿಪಾಪ್. ಅದಕ್ಕೆ ಆತುಕೊಂಡ ಹಾಗೆ ಹಿಂದೆ ಒಂದು ರ‍್ಯಾಕ್. ಒಳಗೆ ಬಿಳಿ ಬೆಳಕು. ನೀಲಿ, ಕೆಂಪು, ಹಸಿರು, ಬಂಗಾರದ ಬಣ್ಣದ ಸಿಗರೇಟ್ ಪ್ಯಾಕುಗಳು ಸಾಲಾಗಿ ನಿಂತಿವೆ. ಇಡೀ ಬೇಕರಿಯಲ್ಲಿ ಅಷ್ಟು ಚೊಕ್ಕವಾಗಿ, ಧೂಳಿಲ್ಲದೆ, ದೀಪ ಹಾಕಿ ಇಟ್ಟಿದ್ದ ವಸ್ತು ಅದೊಂದೇ. ಕೇಕಿಗೂ ಆ ಭಾಗ್ಯ ಇರಲಿಲ್ಲ.

ನಮ್ಮ ಬೇಕರಿಯೊಂದೇ ಹೀಗಲ್ಲ. ಕನ್ಸ್ಯೂಮರ್ ವಾಯ್ಸ್ ಮತ್ತು ವಾಲಂಟರಿ ಹೆಲ್ತ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಎರಡು ಸಂಸ್ಥೆಗಳು ದೇಶದ 20 ನಗರಗಳಲ್ಲಿ 243 ಶಾಲೆಗಳ ಸುತ್ತಮುತ್ತಲ ಅಂಗಡಿಗಳನ್ನು ನೋಡಿ ಬಂದು ಒಂದು ವರದಿ ಕೊಟ್ಟವು. ತಂಬಾಕನ್ನು ಕಾಣುವಂತೆ ಜೋಡಿಸಿಟ್ಟ ಅಂಗಡಿಗಳಲ್ಲಿ ಶೇ 91ರಷ್ಟು ಕಡೆ ಅದು ಒಂದು ಮೀಟರ್ ಎತ್ತರದಲ್ಲಿತ್ತು, ಅಂದರೆ ಮಗುವಿನ ಕಣ್ಣಿನ ಮಟ್ಟದಲ್ಲಿ. ಶೇ 90ರಷ್ಟು ಕಡೆ ಪಕ್ಕದಲ್ಲೇ ಮಿಠಾಯಿ, ಚಾಕಲೇಟು, ಆಟದ ಸಾಮಾನು ಇದ್ದವು.

ಒಂದು ಅಂಗಡಿಯಲ್ಲಿ ಹೀಗಾದರೆ ಜಾಗ ಸಾಲದೆ ಇಟ್ಟರು ಅನ್ನಬಹುದು. ಹತ್ತರಲ್ಲಿ ಒಂಬತ್ತು ಅಂಗಡಿಯಲ್ಲಿ ಹೀಗೇ ಇದ್ದರೆ?

ಕಾನೂನಿನಲ್ಲಿ ಬಿಟ್ಟ ಕಿಂಡಿ

ಭಾರತದಲ್ಲಿ ತಂಬಾಕಿನ ಜಾಹೀರಾತು ನಿಷೇಧ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಟಿವಿಯಲ್ಲಿ ಇಲ್ಲ, ಪತ್ರಿಕೆಯಲ್ಲಿ ಇಲ್ಲ, ರಸ್ತೆ ಬದಿಯ ಹೋರ್ಡಿಂಗ್‌ನಲ್ಲೂ ಇಲ್ಲ. ಕ್ರಿಕೆಟ್ ಆಟಗಾರರ ಅಂಗಿ ಮೇಲಿದ್ದ ಸಿಗರೇಟ್ ಹೆಸರು 2001ರಲ್ಲೇ ಹೋಯಿತು. ಸಿನಿಮಾದಲ್ಲಿ ಹೀರೊ ಬೆಂಕಿಕಡ್ಡಿ ಗೀರಿದ ತಕ್ಷಣ ಕೆಳಗೆ ಎಚ್ಚರಿಕೆಯ ಸಾಲು ಬರುತ್ತದೆ. 2023ರಿಂದ ಒಟಿಟಿಯಲ್ಲೂ ಬರಬೇಕು. ಕ್ರಿಕೆಟ್ ಒಂದು ಬಿಟ್ಟರೆ ಇದಕ್ಕೆಲ್ಲ ಬೇರು 2003ರ ಕೋಟ್ಪಾ, ಅಂದರೆ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ. ಅದರ 5ನೇ ಸೆಕ್ಷನ್ ತಂಬಾಕಿನ ಜಾಹೀರಾತನ್ನು ನಿಷೇಧಿಸುತ್ತದೆ.

ಅದೇ ಸೆಕ್ಷನ್ನಿನ ಬಾಲದಲ್ಲಿ ಎರಡು ವಿನಾಯಿತಿ ಇವೆ. ಪ್ಯಾಕಿನ ಮೇಲೆ ಇರುವುದು ಜಾಹೀರಾತಿನ ಲೆಕ್ಕಕ್ಕೆ ಇಲ್ಲ. ತಂಬಾಕು ಮಾರುವ ಅಂಗಡಿಯ ಬಾಗಿಲಲ್ಲಿ ಅಥವಾ ಒಳಗೆ ಇರುವುದಕ್ಕೂ ಈ ನಿಷೇಧ ತಾಗುವುದಿಲ್ಲ. ಊರಿನ ಎಲ್ಲ ಬಾಗಿಲು ಮುಚ್ಚಿ ಒಂದು ಕಿಂಡಿ ಬಿಟ್ಟ ಹಾಗಾಯಿತು. ಆ ಕಿಂಡಿ ಎಲ್ಲಿದೆ ನೋಡಿ: ದಿನಕ್ಕೆ ಎರಡು ಸಲ ಮಕ್ಕಳು ಹಾದು ಹೋಗುವ ಜಾಗದಲ್ಲಿ.

ಕಿಂಡಿ ದೊಡ್ಡದಾಯಿತು ಅಂತ ಸರ್ಕಾರಕ್ಕೂ ಬೇಗನೆ ಗೊತ್ತಾಯಿತು. 2005ರಲ್ಲಿ ನಿಯಮ ಬಿಗಿ ಮಾಡಿದರು. ಅಂಗಡಿಯ ಬೋರ್ಡ್ 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರ ಮೀರಬಾರದು. ಅದರಲ್ಲಿ ಯಾವ ಬಗೆಯ ತಂಬಾಕು ಸಿಗುತ್ತದೆ ಅಂತ ಮಾತ್ರ ಬರೆಯಬಹುದು. ಬ್ರ್ಯಾಂಡಿನ ಹೆಸರು ಹಾಕುವಂತಿಲ್ಲ, ಪ್ಯಾಕಿನ ಚಿತ್ರ ಹಾಕುವಂತಿಲ್ಲ, ಹಿಂದಿನಿಂದ ದೀಪ ಹಾಕುವಂತಿಲ್ಲ. ಮೇಲೆ 'ತಂಬಾಕು ಕ್ಯಾನ್ಸರ್‌ಗೆ ಕಾರಣ' ಎಂಬ ಎಚ್ಚರಿಕೆ, ಆಯಾ ರಾಜ್ಯದ ಭಾಷೆಯಲ್ಲಿ. 18 ವರ್ಷದೊಳಗಿನವರ ಕೈಗೆ ಸುಲಭವಾಗಿ ಸಿಗುವ ಹಾಗೆ ಸರಕು ಇಡಬಾರದು ಅಂತಲೂ ಬರೆದರು.

ಓದಲು ಚೆನ್ನಾಗಿದೆ, ಅಲ್ವಾ? ಆದರೆ ವಿಷಯ ಬಾಂಬೆ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ಬಿತ್ತು. ಆ ತಡೆಯನ್ನು ಸುಪ್ರೀಂ ಕೋರ್ಟ್ ತೆರವು ಮಾಡಿದ್ದು 2013ರಲ್ಲಿ. 2005ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಅಷ್ಟರಲ್ಲಿ ಒಂಬತ್ತನೇ ಕ್ಲಾಸ್ ಮುಟ್ಟಿತ್ತು. ಶಾಲೆಯ ದಾರಿಯುದ್ದಕ್ಕೂ ಮಿನುಗುವ ಬೋರ್ಡು ನೋಡುತ್ತಲೇ ಮೀಸೆ ಚಿಗುರಿತ್ತು.

ಬೋರ್ಡು ಹೋಯಿತು, ರ‍್ಯಾಕ್ ಬಂತು

ಬೋರ್ಡಿನ ಜಗಳ ಮುಗಿಯುವ ಹೊತ್ತಿಗೆ ಬೋರ್ಡೇ ಬೇಡವಾಗಿತ್ತು. ಹೆಸರು ಬರೆಯಬಾರದು ಅಂದರೆ ಬಣ್ಣ ಸಾಕು. ಬ್ರ್ಯಾಂಡಿನ ಕೆಂಪನ್ನೇ ಗೂಡಂಗಡಿಯ ತಗಡಿಗೆ ಬಳಿದರೆ ಸೇದುವವನಿಗೆ ಗೊತ್ತಾಗುತ್ತದೆ. ಸೇದದ ಮಗುವಿಗೂ ಗೊತ್ತಾಗುತ್ತದೆ. ಚಿತ್ರ ಹಾಕಬಾರದು ಅಂದರೆ ನಿಜವಾದ ಪ್ಯಾಕನ್ನೇ ಇಟ್ಟರಾಯಿತು. ಐವತ್ತು ಪ್ಯಾಕ್ ಒಟ್ಟಿಗೆ ಜೋಡಿಸಿದರೆ ಅದು ಬೋರ್ಡಿಗಿಂತ ದೊಡ್ಡದು. ಕಾನೂನಿನ ಕಣ್ಣಿಗೆ ಮಾತ್ರ ಅದು ದಾಸ್ತಾನು.

ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಭಾರತ 2004ರಲ್ಲೇ ಸೇರಿದೆ. ಆ ಒಪ್ಪಂದದ ಮಾರ್ಗಸೂಚಿಯಲ್ಲಿ ಮಾತು ನೇರವಾಗಿದೆ: ಮಾರುವ ಜಾಗದಲ್ಲಿ ತಂಬಾಕನ್ನು ಕಾಣುವಂತೆ ಇಡುವುದೇ ಜಾಹೀರಾತು. ಕೋಟ್ಪಾ ಇನ್ನೂ ಆ ಹಂತಕ್ಕೆ ಬಂದಿಲ್ಲ. ಅದರ ಲೆಕ್ಕದಲ್ಲಿ ಜಾಹೀರಾತು ಅಂದರೆ ಬೋರ್ಡು, ಅಕ್ಷರ, ಚಿತ್ರ. ನನ್ನ ಮಟ್ಟಿಗೆ ಈ ವಿಷಯದ ಗಂಟು ಇರುವುದು ಇಲ್ಲೇ. ದಂಡ ಎಷ್ಟು, ವಯಸ್ಸು ಎಷ್ಟು ಅಂತ ನಾವು ಚರ್ಚೆ ಮಾಡುತ್ತೇವೆ. ರ‍್ಯಾಕ್ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ.

ಬೇಕರಿ ಅಣ್ಣನನ್ನೇ ಕೇಳಿದೆ, 'ಅಣ್ಣ, ಇದನ್ನ ಸ್ವಲ್ಪ ಹಿಂದೆ ಇಡಬಹುದಲ್ವಾ?' ಅಂತ. ಹಾಸನ ಕಡೆಯವರು, ಹದಿನೈದು ವರ್ಷದಿಂದ ಇಲ್ಲಿದ್ದಾರೆ. 'ಅದು ನಮ್ದಲ್ಲ ಸಾರ್. ಕಂಪನಿಯವರೇ ತಂದು ಕೂರಿಸಿದ್ದು. ಎಲ್ಲಿಡ್ಬೇಕು ಅಂತಾನೂ ಅವರೇ ಹೇಳ್ತಾರೆ' ಅಂದರು. ದೀಪದ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಅಂತ ಕೇಳಿದ್ದಕ್ಕೆ ನಕ್ಕು ಸುಮ್ಮನಾದರು.

ಮಕ್ಕಳಿಗೆ ಸಿಗರೇಟು ಮಾರುವ ಉದ್ದೇಶವೇ ನಮಗಿಲ್ಲ, ಪ್ಯಾಕ್ ಇಡುವುದು ಈಗಾಗಲೇ ಸೇದುವ ದೊಡ್ಡವರಿಗಾಗಿ ಅಂತ ಕಂಪನಿಗಳು ಎಲ್ಲ ದೇಶಗಳಲ್ಲೂ ಹೇಳುತ್ತವೆ. ಈ ಮಾತನ್ನು ಸ್ವಲ್ಪ ತಿರುಗಿಸಿ ನೋಡೋಣ. ಸೇದುವವನಿಗೆ ತನ್ನ ಬ್ರ್ಯಾಂಡ್ ಬಾಯಿಪಾಠ. ಅವನು ರ‍್ಯಾಕ್ ನೋಡಿ ಆರಿಸುವುದಿಲ್ಲ. ಎರಡು ಬೆರಳು ಎತ್ತಿ ತೋರಿಸಿದರೆ ಅಂಗಡಿಯವನು ಕೊಡುತ್ತಾನೆ. ಹಾಗಾದರೆ ಆ ದೀಪ ಯಾರಿಗೆ? ಅಮೆರಿಕದ ಆರ್.ಜೆ. ರೆನಾಲ್ಡ್ಸ್ ಸಿಗರೇಟ್ ಕಂಪನಿಯ 1984ರ ಒಳಪತ್ರವೊಂದು ಮುಂದೆ ಹೊರಗೆ ಬಂತು. ಸೇದುವುದನ್ನು ಬಿಟ್ಟವರ, ಸತ್ತವರ ಜಾಗ ತುಂಬಲು ಎಳೆಯ ವಯಸ್ಸಿನ ಗಿರಾಕಿಗಳನ್ನು ಬಿಟ್ಟರೆ ಬೇರೆ ಮೂಲವೇ ಇಲ್ಲ ಎಂಬುದು ಅದರ ಸಾರ. ಅದೇ ಕಂಪನಿಯ ಕ್ಯಾಮೆಲ್ ಸಿಗರೇಟಿನ ಜಾಹೀರಾತಿನ ಒಂಟೆ ಕಾರ್ಟೂನನ್ನು ಆರು ವರ್ಷದ ಮಕ್ಕಳಿಗೆ ತೋರಿಸಿದಾಗ ಹತ್ತರಲ್ಲಿ ಒಂಬತ್ತು ಮಕ್ಕಳು ಸರಿಯಾಗಿ ಸಿಗರೇಟಿನ ಜೊತೆ ಹೊಂದಿಸಿದ್ದರು. 1991ರ ಅಧ್ಯಯನ ಅದು. ಮಿಕ್ಕಿ ಮೌಸ್‌ನಷ್ಟೇ ಆ ಒಂಟೆಯೂ ಅವರಿಗೆ ಪರಿಚಿತ. ಯಾರೂ ಹೇಳಿಕೊಟ್ಟಿರಲಿಲ್ಲ. ಕಣ್ಣಿಗೆ ಬಿದ್ದಿತ್ತು, ಅಷ್ಟೇ.

ನಮ್ಮ ಮನೆಯದೇ ಒಂದು ಹೇಳುತ್ತೇನೆ. ನಾನು ಚಿಕ್ಕವನಿದ್ದಾಗ ತಾತನಿಗೆ ಬೀಡಿ ತರುವುದು ನನ್ನ ಕೆಲಸ. 'ಒಂದು ಕಟ್ಟು ತಗೊಂಬಾ ಮಗ, ಚಿಲ್ಲರೆ ಉಳಿದ್ರೆ ನೀನೇ ಇಟ್ಕೋ' ಅನ್ನೋರು. ಚಿಲ್ಲರೆ ಅಂದರೆ ಎರಡು ಪೆಪ್ಪರ್‌ಮೆಂಟ್. ಪೆಟ್ಟಿಗೆ ಅಂಗಡಿಯ ಅಜ್ಜಿ ಬೀಡಿ ಕಟ್ಟನ್ನೂ ಪೆಪ್ಪರ್‌ಮೆಂಟನ್ನೂ ಒಂದೇ ಕೈಯಲ್ಲಿ ಕೊಡುತ್ತಿದ್ದಳು. ಆಗ ಬಿಳಿ ಕಡ್ಡಿಯ ತುದಿಗೆ ಕೆಂಪು ಬಣ್ಣ ಹಚ್ಚಿದ ಸಿಗರೇಟ್ ಮಿಠಾಯಿ ಬೇರೆ ಬರುತ್ತಿತ್ತು. ಅದನ್ನು ಬೆರಳ ಸಂದಿಯಲ್ಲಿ ಇಟ್ಟುಕೊಂಡು, ಚಳಿಗಾಲದ ಬೆಳಿಗ್ಗೆ ಬಾಯಿಂದ ಆವಿ ಬಿಟ್ಟು, ಬೀದಿಯಲ್ಲಿ ದೊಡ್ಡವರಂತೆ ನಡೆದವನು ನಾನೊಬ್ಬನೇ ಅಲ್ಲ. ತಾತ ಹೋಗಿ ಬಹಳ ವರ್ಷ ಆಯಿತು. ಆ ಬೀಡಿಯ ಲೇಬಲ್ಲಿನ ಚಿತ್ರ ಮಾತ್ರ ಈಗಲೂ ನನಗೆ ಕಣ್ಣು ಮುಚ್ಚಿದರೆ ಕಾಣುತ್ತದೆ. ನಾನು ಜೀವನದಲ್ಲಿ ಬೀಡಿ ಸೇದಿಲ್ಲ. ಆದರೂ ಬ್ರ್ಯಾಂಡ್ ನೆನಪಿದೆ.

ರ‍್ಯಾಕ್ ಮಗುವಿಗೆ ಹೇಳಿಕೊಡುವುದು ಇದನ್ನೇ. ಇವತ್ತೇ ಸೇದು ಅಂತ ಅದು ಹೇಳುವುದಿಲ್ಲ. ಇದು ಬನ್ನು, ಹಾಲು, ಬಿಸ್ಕತ್ತಿನ ಹಾಗೆ ಎಲ್ಲರ ಮನೆಗೂ ಹೋಗುವ ಸಾಮಾನು ಅಂತ ಹೇಳುತ್ತದೆ. ಹೆದರುವಂಥದ್ದಾಗಿದ್ದರೆ ಲಾಲಿಪಾಪ್ ಪಕ್ಕ ಇಡುತ್ತಿದ್ದರಾ?

ಐರ್ಲೆಂಡ್ ದೇಶದಲ್ಲಿ ಇದನ್ನು ಅಳೆದು ನೋಡಿದ್ದಾರೆ. 2009ರ ಜುಲೈನಲ್ಲಿ ಅಲ್ಲಿನ ಅಂಗಡಿಗಳು ಸಿಗರೇಟನ್ನು ಮುಚ್ಚಿದ ಕಪಾಟಿನೊಳಗೆ ಇಡಬೇಕಾಯಿತು. ಅದಕ್ಕೆ ಮೊದಲು, ಅಂಗಡಿಯಲ್ಲಿ ಸಿಗರೇಟ್ ಜೋಡಿಸಿಟ್ಟಿದ್ದು ನೆನಪಿದೆ ಎಂದ ಹದಿಹರೆಯದವರು ಶೇ 81. ಆಮೇಲೆ ಶೇ 22. ಇನ್ನೊಂದು ಅಂಕಿ ನನಗೆ ಇದಕ್ಕಿಂತ ಮುಖ್ಯ ಅನಿಸಿತು. ತಮ್ಮ ವಯಸ್ಸಿನವರಲ್ಲಿ ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಸೇದುತ್ತಾರೆ ಅಂತ ನಂಬಿದ್ದ ಮಕ್ಕಳ ಪ್ರಮಾಣ ಶೇ 62ರಿಂದ 46ಕ್ಕೆ ಇಳಿಯಿತು. ಅಂದರೆ 'ಎಲ್ಲರೂ ಸೇದುತ್ತಾರೆ' ಎಂಬ ನಂಬಿಕೆಯ ಒಂದು ಪಾಲು ಬಂದಿದ್ದು ಗೆಳೆಯರಿಂದಲ್ಲ, ಕಪಾಟಿನಿಂದ. ಮನೆಯಲ್ಲಿ ನಾವು 'ಅವನ ಸಹವಾಸ ಸರಿ ಇಲ್ಲ' ಅಂತ ಬೈಯುತ್ತಾ ಕೂರುತ್ತೇವೆ. ಸಹವಾಸದಲ್ಲಿ ಅಂಗಡಿಯೂ ಇದೆ.

ನಮ್ಮ ಅಂಕಿಗಳನ್ನೂ ನೋಡೋಣ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆ ಪ್ರಕಾರ ದೇಶದಲ್ಲಿ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ಶೇ 8.5 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಕರ್ನಾಟಕದಲ್ಲಿ ಬರೀ ಶೇ 1.2. ಸಂತೋಷದ ಸುದ್ದಿಯೇ. ಆದರೆ ಇದು ಶಾಲೆಯ ಬೆಂಚಿನ ಮೇಲೆ ಕೂತು ಮಕ್ಕಳು ತುಂಬಿದ ಉತ್ತರ. ಶಾಲೆ ಬಿಟ್ಟು ಗ್ಯಾರೇಜಿಗೆ, ಹೋಟೆಲಿಗೆ, ಕಟ್ಟಡದ ಕೆಲಸಕ್ಕೆ ಸೇರಿದ ಹುಡುಗರು ಈ ಲೆಕ್ಕದಲ್ಲಿ ಇಲ್ಲ. 2016-17ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ದೊಡ್ಡವರಲ್ಲಿ ತಂಬಾಕು ಬಳಸುವವರು ಶೇ 22.8 ಇದ್ದರು. ಎರಡೂ ಬೇರೆ ಬೇರೆ ಸಮೀಕ್ಷೆ, ಒಂದರಿಂದ ಇನ್ನೊಂದನ್ನು ಕಳೆಯಲು ಬರುವುದಿಲ್ಲ. ಆದರೂ ಎಂಟನೇ ಕ್ಲಾಸಿನಲ್ಲಿ ಮುಟ್ಟದ ಹುಡುಗ ಕಾಲೇಜು ಮುಗಿಸುವುದರೊಳಗೆ ಮುಟ್ಟುತ್ತಾನೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಆ ವರ್ಷಗಳಲ್ಲಿ ಅವನು ದಿನಾ ನಿಂತು ಟೀ ಕುಡಿಯುವ ಜಾಗ ಯಾವುದು ಅಂತ ಯೋಚಿಸಿ.

ಅದೇ 2019ರ ಸಮೀಕ್ಷೆಯ ಇನ್ನೊಂದು ಅಂಕಿ ಕೇಳಿದರೆ ಹೊಟ್ಟೆ ಚುರ್ ಅನ್ನುತ್ತದೆ. ಸಿಗರೇಟ್ ರುಚಿ ನೋಡಿದ ಮಕ್ಕಳಲ್ಲಿ ಶೇ 38 ಮಂದಿ ಹತ್ತು ತುಂಬುವ ಮೊದಲೇ ನೋಡಿದ್ದರು. ಬೀಡಿಯಲ್ಲಿ ಶೇ 47. ಜಗಿಯುವ ತಂಬಾಕಿನಲ್ಲಿ ಶೇ 52. ಹತ್ತು ವರ್ಷ ಅಂದರೆ ಐದನೇ ಕ್ಲಾಸು. ಕೌಂಟರಿಗೆ ಗದ್ದ ಊರಿ ನಿಲ್ಲುವ ಎತ್ತರ.

ಕಡ್ಡಿಗೆ ಎಚ್ಚರಿಕೆ ಇಲ್ಲ

ಪ್ಯಾಕಿನ ಮೇಲೆ ಶೇ 85ರಷ್ಟು ಜಾಗದಲ್ಲಿ ಭಯಂಕರ ಚಿತ್ರ ಇದೆಯಲ್ಲ, ಅದನ್ನು ನೋಡಿದರೆ ಮಕ್ಕಳು ಹೆದರುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಆ ಶೇ 85ರ ನಿಯಮ 2016ರ ಏಪ್ರಿಲ್‌ನಿಂದ ಜಾರಿಗೆ ಬಂತು. 2017ರ ಡಿಸೆಂಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅದಕ್ಕೇ ಚಿತ್ರ ಉಳಿದಿದೆ.

ಆದರೆ ಬೆಂಗಳೂರಿನ ಯಾವುದೇ ಟೀ ಅಂಗಡಿ ಮುಂದೆ ಹತ್ತು ನಿಮಿಷ ನಿಲ್ಲಿ. ಎಷ್ಟು ಜನ ಇಡೀ ಪ್ಯಾಕ್ ತಗೊಳ್ಳುತ್ತಾರೆ? 'ಅಣ್ಣ, ಒಂದು ಟೀ, ಒಂದು ಕಿಂಗ್.' ಅಷ್ಟೇ. ಕಡ್ಡಿ ಕೈಗೆ ಬರುತ್ತದೆ, ಚಿತ್ರ ರ‍್ಯಾಕಿನಲ್ಲೇ ಉಳಿಯುತ್ತದೆ. ಕಡ್ಡಿಯ ಮೇಲೆ ಯಾವ ಎಚ್ಚರಿಕೆಯೂ ಇಲ್ಲ. ಪ್ಯಾಕಿನ ಬೆಲೆಯನ್ನು ಹತ್ತಕ್ಕೆ ಭಾಗಿಸಿದರೆ ಬರುವುದಕ್ಕಿಂತ ಒಂದೆರಡು ರೂಪಾಯಿ ಜಾಸ್ತಿ ಕೊಟ್ಟರೂ ಹುಡುಗರಿಗೆ ಅದೇ ಅನುಕೂಲ. ಜೇಬಿನಲ್ಲಿ ಪ್ಯಾಕ್ ಇದ್ದರೆ ಅಮ್ಮನ ಕೈಗೆ ಸಿಗುತ್ತದೆ. ಒಂದು ಕಡ್ಡಿ ಆದರೆ ಅಲ್ಲೇ ಮುಗಿಯುತ್ತದೆ, ಮೇಲೆ ಒಂದು ಮಿಂಟ್ ಹಾಕಿಕೊಂಡರೆ ವಾಸನೆಯೂ ಇಲ್ಲ. ಆ ಮಿಂಟ್ ಕೂಡ ಅದೇ ಬರಣಿಯಲ್ಲಿ ಸಿಗುತ್ತದೆ. ಇನ್ನು ಪುದೀನ, ಲವಂಗ, ಹಣ್ಣಿನ ಘಮದ ಸಿಗರೇಟುಗಳು ಬಂದಿವೆ. ಫಿಲ್ಟರಿನ ಒಳಗಿನ ಗುಳಿಗೆ ಒತ್ತಿದರೆ 'ಟಕ್' ಅಂತ ಒಡೆಯುತ್ತದೆ. ಮೊದಲ ಸಲ ಸೇದಿದಾಗ ಬರುವ ಕೆಮ್ಮೇ ಎಷ್ಟೋ ಹುಡುಗರನ್ನು ಉಳಿಸುತ್ತಿತ್ತು. ಈಗ ಅದಕ್ಕೂ ಸಕ್ಕರೆ ಸವರಿದ್ದಾರೆ.

ಜಗಿಯುವ ತಂಬಾಕಿನ ಕಥೆ ಇನ್ನೂ ಸೊಗಸು. ಕರ್ನಾಟಕದಲ್ಲಿ ಗುಟ್ಕಾ 2013ರ ಮೇ ತಿಂಗಳಲ್ಲೇ ನಿಷೇಧವಾಯಿತು. ಆಹಾರದಲ್ಲಿ ತಂಬಾಕು ಬೆರೆಸಬಾರದು ಎಂಬ ನಿಯಮ ಅದಕ್ಕೆ ಆಧಾರ. ಬೆರೆಸಬಾರದು ತಾನೆ? ಬೆರೆಸದೆ ಎರಡು ಚೀಟಿ ಮಾಡಿದರು. ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ತಂಬಾಕು. ಬೆರೆಸುವ ಕೆಲಸ ಗಿರಾಕಿಯ ಅಂಗೈಯಲ್ಲಿ. ಹೆಸರು ಎರಡಕ್ಕೂ ಒಂದೇ ಅಥವಾ ಒಂದೇ ತರಹದ್ದು. ಪಾನ್ ಮಸಾಲದ್ದೋ ಏಲಕ್ಕಿಯದ್ದೋ ಹೆಸರಿನಲ್ಲಿ ಟಿವಿಯಲ್ಲಿ ಜಾಹೀರಾತು ಬರುತ್ತದೆ, ದೊಡ್ಡ ದೊಡ್ಡ ನಟರೇ ಬರುತ್ತಾರೆ. ಜನ ಬೈದ ಮೇಲೆ 2021ರಲ್ಲಿ ಅಮಿತಾಭ್ ಬಚ್ಚನ್, 2022ರಲ್ಲಿ ಅಕ್ಷಯ್ ಕುಮಾರ್ ಇಂಥ ಜಾಹೀರಾತಿನಿಂದ ಹಿಂದೆ ಸರಿದರು. ಅಂಗಡಿಯಲ್ಲಿ ಆ ಚೀಟಿಗಳು ಹೇಗಿರುತ್ತವೆ? ಮಾವಿನ ತೋರಣದ ಹಾಗೆ, ಅಂಗಡಿಯ ಹುಬ್ಬಿಗೆ. ಅದೇ ದಾರದ ಸಾಲಿನಲ್ಲಿ ಶಾಂಪೂ ಚೀಟಿ, ಚಿಪ್ಸ್, ಮಸಾಲೆ ಪುಡಿ. ಅಂಗಡಿಯವನು ಮರೆಯಾಗುವಷ್ಟು ಒತ್ತಾದ ತೋರಣ. ಅದರ ನಡುವೆ ಒಂದು ಕಿಟಕಿ, ಆ ಕಿಟಕಿಯಲ್ಲಿ ಕೈ ಹಾಕಿ ಮಗು ಚಾಕಲೇಟ್ ಕೇಳಬೇಕು.

ಹಳದಿ ಗೆರೆಯ ಆಚೆ

ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಎಂದು ಕೋಟ್ಪಾದ 6ನೇ ಸೆಕ್ಷನ್ ಹೇಳುತ್ತದೆ. ಕಾಂಪೌಂಡಿನ ಹೊರ ಅಂಚಿನಿಂದ ಸುತ್ತಲೂ ಅಳೆಯಬೇಕು. ಕೆಲವು ಶಾಲೆಗಳ ಹತ್ತಿರ ರಸ್ತೆ ಮೇಲೆ ಹಳದಿ ಗೆರೆ ಎಳೆದು 'ತಂಬಾಕು ಮುಕ್ತ ವಲಯ' ಅಂತ ಬರೆದಿರುವುದನ್ನು ನೀವು ನೋಡಿರಬಹುದು. ಒಳ್ಳೆಯ ಕೆಲಸ. ಆದರೆ ಹಳ್ಳಿಯಲ್ಲಿ ಶಾಲೆ, ಬಸ್ ಸ್ಟಾಪು, ಅಂಗಡಿ ಎಲ್ಲ ಒಂದೇ ಕಡೆ. ಊರೇ 100 ಗಜದೊಳಗೆ ಮುಗಿಯುತ್ತದೆ. ಬೆಂಗಳೂರಿನಲ್ಲಿ ಗಲ್ಲಿಗೊಂದು ನರ್ಸರಿ, ಗಲ್ಲಿಗೊಂದು ಬೇಕರಿ. ಟೇಪು ಹಿಡಿದು ಅಳೆಯಲು ಹೊರಟರೆ ಮಾರಲು ಜಾಗವೇ ಸಿಗಬಾರದು. ಎಲ್ಲ ಕಡೆ ಸಿಗುತ್ತಿದೆ ಅಂದರೆ ಟೇಪು ಯಾರ ಕೈಯಲ್ಲೂ ಇಲ್ಲ ಅಂತಲೇ ಅರ್ಥ.

ಕರ್ನಾಟಕ ಈ ವಿಷಯದಲ್ಲಿ ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. 2024ರಲ್ಲಿ ವಿಧಾನಮಂಡಲ ಕೋಟ್ಪಾಗೆ ರಾಜ್ಯದ ತಿದ್ದುಪಡಿ ತಂದಿತು. ರಾಷ್ಟ್ರಪತಿ ಅಂಕಿತ ಬಿದ್ದು 2025ರ ಮೇನಲ್ಲಿ ಜಾರಿಯಾಯಿತು. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಟೀ ಅಂಗಡಿಯಲ್ಲಿ ಸಿಗುತ್ತಿದ್ದರೂ, ಕಾನೂನಿನ ಪ್ರಕಾರ ಬಿಡಿ ಸಿಗರೇಟ್ ಮಾರುವಂತಿಲ್ಲ. ಹುಕ್ಕಾ ಬಾರ್ ನಡೆಸುವಂತಿಲ್ಲ. 100 ಗಜ ಹೋಗಿ 100 ಮೀಟರ್ ಆಯಿತು, ಎಂಟೂವರೆ ಮೀಟರ್ ಲಾಭ. ದಂಡ 200 ರೂಪಾಯಿಯಿಂದ 1,000ಕ್ಕೆ ಏರಿತು. ದೇಶದಲ್ಲಿ ಇದು ಬಿಗಿಯಾದ ಕಾನೂನುಗಳ ಸಾಲಿನಲ್ಲೇ ನಿಲ್ಲುತ್ತದೆ.

ಆದರೆ ಅದರ ಗಮನವೆಲ್ಲ ಕೊಡು-ಕೊಳ್ಳುವ ಗಳಿಗೆಯ ಮೇಲಿದೆ. ದುಡ್ಡು ಕೈ ಬದಲಾಗುವ ಆ ಎರಡು ಸೆಕೆಂಡ್. ಆರು ವರ್ಷದ ಹುಡುಗ ಸಿಗರೇಟ್ ಕೊಳ್ಳಲು ಬಂದಿರಲೇ ಇಲ್ಲ. ಪಫ್ಸ್‌ಗೆ ಬಂದಿದ್ದ. ಅವನ ವಿಷಯದಲ್ಲಿ ಅಂಗಡಿಯವರು ಯಾವ ಕಾನೂನನ್ನೂ ಮುರಿಯಲಿಲ್ಲ. ವಯಸ್ಸನ್ನು 21 ಮಾಡಿ, ಬೇಕಾದರೆ 30 ಮಾಡಿ, ಅವನು ನೋಡುವುದು ನಿಲ್ಲುವುದಿಲ್ಲ.

ದಂಡದ ವಿಷಯದಲ್ಲಿ ಒಂದು ತಮಾಷೆಯೂ ಇದೆ. ಮಗುವಿಗೆ ತಂಬಾಕು ಮಾರಿದರೆ ಕೇಂದ್ರದ ಕೋಟ್ಪಾ ಪ್ರಕಾರ ಹೆಚ್ಚೆಂದರೆ 200 ರೂಪಾಯಿ. ಅದೇ ತಪ್ಪಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷದವರೆಗೆ ದಂಡ. ಒಂದು ಕೈಯಲ್ಲಿ ಚಿಟಿಕೆ, ಇನ್ನೊಂದು ಕೈಯಲ್ಲಿ ಕೊಡಲಿ. ಎರಡೂ ಬೀಳುವುದು ಗೂಡಂಗಡಿಯವನ ಮೇಲೆ. ರ‍್ಯಾಕ್ ತಂದು ಕೂರಿಸಿದವರ ಹತ್ತಿರ ಎರಡೂ ಹೋಗುವುದಿಲ್ಲ.

ಗೂಡಂಗಡಿಯವರ ಪರವಾಗಿಯೂ ನಾಲ್ಕು ಮಾತು ಆಡಬೇಕು. ಸಿಗರೇಟಿನಲ್ಲಿ ಲಾಭ ದೊಡ್ಡದಿಲ್ಲ. ಆದರೆ ಸಿಗರೇಟಿಗೆ ಬಂದವನು ಟೀ ಕುಡಿಯುತ್ತಾನೆ, ಬನ್ ತಿನ್ನುತ್ತಾನೆ, ನೀರಿನ ಬಾಟಲಿ ಒಯ್ಯುತ್ತಾನೆ. 'ಇಲ್ಲ' ಅಂದರೆ ಎದುರು ಅಂಗಡಿಗೆ ಹೋಗುತ್ತಾನೆ. ಎಲ್ಲರೂ ಒಟ್ಟಿಗೆ ಮುಚ್ಚಿಟ್ಟರೆ ಯಾರಿಗೂ ನಷ್ಟವಿಲ್ಲ, ಒಬ್ಬನೇ ಮುಚ್ಚಿಟ್ಟರೆ ಅವನಿಗೆ ಮಾತ್ರ ನಷ್ಟ. ಐರ್ಲೆಂಡಿನಲ್ಲೂ ಅಂಗಡಿಗಳು ಮುಚ್ಚಿಹೋಗುತ್ತವೆ ಅಂತ ಕೂಗಾಡಿದ್ದರು. ಲೆಕ್ಕ ನೋಡಿದವರಿಗೆ ಮೊದಲ ವರ್ಷದಲ್ಲಿ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ಸೇದುವವನಿಗೆ ಬ್ರ್ಯಾಂಡ್ ಬಾಯಿಪಾಠ ಅಂದೆನಲ್ಲ, ಅದು ಇಲ್ಲೂ ನಿಜ.

ಹಾಗಂತ ಇದನ್ನು ಅಂಗಡಿಯವರ ಒಳ್ಳೆತನಕ್ಕೆ ಬಿಡಲು ಆಗುವುದಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಒಂದು ಪತ್ರ ಬರೆಯಿತು. ತಂಬಾಕು ಮಾರಲು ಸ್ಥಳೀಯ ಸಂಸ್ಥೆಯಿಂದ ಲೈಸೆನ್ಸ್ ಇರಬೇಕು, ಅಂಥ ಅಂಗಡಿಯಲ್ಲಿ ಮಿಠಾಯಿ, ಚಿಪ್ಸ್, ಬಿಸ್ಕತ್ತು, ತಂಪು ಪಾನೀಯ ಮಾರಬಾರದು ಅಂತ. ಮಕ್ಕಳಿಗೂ ತಂಬಾಕಿಗೂ ನಡುವೆ ಗೋಡೆ ಎಬ್ಬಿಸುವ ಯೋಚನೆ ಅದು. ಹೇಳುವುದು ಸುಲಭ. ಬಿಸ್ಕತ್ತು ಬಿಟ್ಟರೆ ಪೆಟ್ಟಿಗೆ ಅಂಗಡಿಯ ಅಜ್ಜಿಗೆ ಉಳಿಯುವುದೇನು? ಕಪಾಟಿಗೆ ಒಂದು ಬಾಗಿಲು ಹಾಕಿಸುವುದು ಅದಕ್ಕಿಂತ ಅಗ್ಗ, ಹೊಟ್ಟೆಪಾಡಿಗೂ ಪೆಟ್ಟಿಲ್ಲ ಎಂಬುದು ನನ್ನ ಅಭಿಪ್ರಾಯ.

ಬಾಗಿಲು ಹಾಕಿದ ದೇಶಗಳು ಬಹಳ ಇವೆ. ಐಸ್‌ಲ್ಯಾಂಡ್ 2001ರಲ್ಲೇ ಶುರು ಮಾಡಿತು. ಬೀದಿ ಅಂಗಡಿಗಳಿಗೆ ಹೆಸರಾದ ಥಾಯ್ಲೆಂಡ್ 2005ರಲ್ಲಿ. ಸಿಂಗಪುರ 2017ರಲ್ಲಿ. ಇಂಗ್ಲೆಂಡಿನಲ್ಲಿ 2012ರಲ್ಲಿ ದೊಡ್ಡ ಅಂಗಡಿಗಳಿಗೆ, 2015ರಲ್ಲಿ ಚಿಕ್ಕವಕ್ಕೆ. ಲಂಡನ್ನಿನಲ್ಲಿ ಇರುವ ನೆಂಟರನ್ನು ಕೇಳಿ, ಅಲ್ಲಿ ಕೌಂಟರಿನ ಹಿಂದೆ ಇರುವುದು ಬರೀ ಒಂದು ಬೋಳು ಬಾಗಿಲು. ಗಿರಾಕಿ ಕೇಳಿದಾಗ ತೆರೆದು, ಕೊಟ್ಟು, ಮುಚ್ಚುತ್ತಾರೆ.

ಎತ್ತರದ ಲೆಕ್ಕ ಹಾಕಿ ಸೋತ ಊರೂ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ, ಶಾಲೆಗಳ ಹತ್ತಿರದ ಅಂಗಡಿಯೊಳಗೆ ತಂಬಾಕಿನ ಜಾಹೀರಾತನ್ನು ಐದು ಅಡಿಗಿಂತ ಕೆಳಗೆ ಹಾಕಬಾರದು ಅಂತ ನಿಯಮ ಮಾಡಿತ್ತು. 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಎಲ್ಲ ಮಕ್ಕಳೂ ಐದು ಅಡಿಗಿಂತ ಗಿಡ್ಡ ಇರುವುದಿಲ್ಲ, ಗಿಡ್ಡ ಇರುವವರಿಗೂ ತಲೆ ಎತ್ತಿ ನೋಡಲು ಬರುತ್ತದೆ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ತೀರ್ಪಿನಲ್ಲಿ ಬರೆದರು. ಕಂಪನಿಗಳು ಗೆದ್ದವು. ಆದರೆ ಆ ಮಾತನ್ನು ಇನ್ನೊಂದು ಸಲ ಓದಿ. ಸ್ವಲ್ಪ ಮೇಲಕ್ಕೆ, ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಮಕ್ಕಳಿಗೆ ಕಾಣುವುದಿಲ್ಲ ಎಂಬ ಸಮಾಧಾನವನ್ನೂ ಅದು ಕಿತ್ತುಹಾಕುತ್ತದೆ.

ನಮ್ಮಲ್ಲಿ ಆ ಕಿಂಡಿ ಮುಚ್ಚುವ ಕರಡು ಇಲ್ಲ ಅಂತಲ್ಲ. 2020ರ ಕೋಟ್ಪಾ ತಿದ್ದುಪಡಿ ಕರಡಿನಲ್ಲಿ ಅಂಗಡಿಯ ವಿನಾಯಿತಿ ತೆಗೆಯುವ ಮಾತಿತ್ತು. ಕೊಳ್ಳುವ ವಯಸ್ಸು 21, ಬಿಡಿ ಸಿಗರೇಟ್ ಮಾರಾಟದ ನಿಷೇಧ, ಇವೂ ಇದ್ದವು. ಸಾರ್ವಜನಿಕರ ಅಭಿಪ್ರಾಯ ಕೇಳಿದರು, ಅಲ್ಲಿಗೆ ನಿಂತಿತು. ವಯಸ್ಸು ಮತ್ತು ಬಿಡಿ ಮಾರಾಟದ ವಿಷಯದಲ್ಲಿ ಕರ್ನಾಟಕ ಕೇಂದ್ರಕ್ಕೆ ಕಾಯದೆ ಮುಂದೆ ಹೋಯಿತು. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೆಳೆಯುವ, ಕರಾವಳಿಯ ಮನೆಮನೆಯಲ್ಲಿ ಬೀಡಿ ಕಟ್ಟುವ ರಾಜ್ಯ ಇಷ್ಟು ಮಾಡಿದ್ದು ಸಣ್ಣದಲ್ಲ. ಕಪಾಟಿನ ಬಾಗಿಲಿಗೆ ಅಷ್ಟು ಧೈರ್ಯವೂ ಬೇಕಿಲ್ಲ. ಬೆಳೆಗಾರನ ಸೊಪ್ಪು ಅದರಿಂದ ಒಂದು ಕಿಲೋ ಕಡಿಮೆ ಮಾರಾಟವಾದರೂ ಅದು ಇವತ್ತಲ್ಲ, ಆ ಹುಡುಗ ದೊಡ್ಡವನಾದ ಮೇಲೆ.

ಹೋದ ವಾರ ಮತ್ತೆ ಅದೇ ಬೇಕರಿಗೆ ಹೋಗಿದ್ದೆ. ಬೆಳಿಗ್ಗೆ ಹತ್ತೂವರೆ, ಜನ ಇರಲಿಲ್ಲ. ನನ್ನ ಮಾತು ನೆನಪಿಟ್ಟುಕೊಂಡು ಬೇಕರಿ ಅಣ್ಣ ಪೆಪ್ಪರ್‌ಮೆಂಟ್ ಬರಣಿಗಳನ್ನು ಆ ಕಡೆ, ಬನ್ನಿನ ಟ್ರೇ ಪಕ್ಕಕ್ಕೆ ಇಟ್ಟಿದ್ದರು. ನೋಡಿ ಖುಷಿಯಾಯಿತು. ಅಷ್ಟರಲ್ಲಿ ದೊಡ್ಡ ಬ್ಯಾಗ್ ಹೊತ್ತ ಸ್ಕೂಟರಿನಲ್ಲಿ ಸೇಲ್ಸ್ ಹುಡುಗ ಬಂದ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬೇಕು, ನಗುಮುಖದವನು. ಜೇಬಿನಿಂದ ಹಳದಿ ಬಟ್ಟೆ ತೆಗೆದು ರ‍್ಯಾಕಿನ ಗಾಜು ಒರೆಸಿದ. ಖಾಲಿಯಾಗಿದ್ದ ಸಾಲು ತುಂಬಿದ. ಓರೆಯಾಗಿದ್ದ ಪ್ಯಾಕುಗಳನ್ನು ಬೆರಳಿನಿಂದ ತಟ್ಟಿ ನೇರ ಮಾಡಿದ. ಎರಡು ಹೆಜ್ಜೆ ಹಿಂದೆ ಸರಿದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದ. ಆಮೇಲೆ ಬರಣಿಗಳನ್ನು ನೋಡಿದ. 'ಇದ್ಯಾಕಣ್ಣ ಆ ಕಡೆ ಹೋಯ್ತು?' ಅಂತ ಕೇಳುತ್ತಲೇ ಮೂರನ್ನೂ ತಂದು ಮೊದಲಿದ್ದ ಜಾಗದಲ್ಲಿ ಇಟ್ಟ.